ಅಪರಿಚಿತ ನಾಡಿನ ಮೊದಲ ರಾತ್ರಿ

ಹಿಜ್‌ರಿ 725ರ ರಜಬ್ ತಿಂಗಳು, ಅಂದರೆ ಕ್ರಿ.ಶ. 1325ರ ಜೂನ್. ಮೊರೊಕ್ಕೊದ ತಾಂಜೀರ್ ಪಟ್ಟಣದಿಂದ ಇಪ್ಪತ್ತೊಂದು ವರ್ಷದ ಯುವಕನೊಬ್ಬ ಹಜ್ಜ್ ಯಾತ್ರೆಗೆಂದು ಒಬ್ಬನೇ ಹೊರಟ. ತಂದೆ ತಾಯಿ ಇಬ್ಬರೂ ಜೀವಂತವಿದ್ದರು. ಅವರನ್ನು ಅಗಲುವಾಗ ಅವನಿಗೂ ಅವರಿಗೂ ದುಃಖ ಉಕ್ಕಿ ಬಂದಿತ್ತು. ದಾರಿಯಲ್ಲಿ ಜ್ವರ ಬಂತು. ಸವಾರಿಯ ಮೇಲಿಂದ ಬೀಳದಿರಲೆಂದು ಮುಂಡಾಸಿನ ಬಟ್ಟೆಯಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡು ಪ್ರಯಾಣ ಮುಂದುವರಿಸಿದ. ಕೊನೆಗೆ ಟ್ಯುನಿಸ್ ಪಟ್ಟಣ ಬಂತು. ಊರವರು ಯಾತ್ರಿಕರ ತಂಡವನ್ನು ಎದುರುಗೊಳ್ಳಲು ಹೊರಗೆ ಬಂದಿದ್ದರು. ಪ್ರತಿಯೊಬ್ಬರೂ ತಮ್ಮ ಪರಿಚಯದವರನ್ನು ಕಂಡು ಸಲಾಮ್ ಹೇಳುತ್ತಿದ್ದರು, ಅಪ್ಪಿಕೊಳ್ಳುತ್ತಿದ್ದರು, ಊರಿನ ಸುದ್ದಿ ಕೇಳುತ್ತಿದ್ದರು. ಈ ಯುವಕನಿಗೆ ಮಾತ್ರ ಯಾರೂ ಸಲಾಮ್ ಹೇಳಲಿಲ್ಲ. ಅವನನ್ನು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವನಿಗೆ ತಡೆಯಲಾಗದೆ ಅಳು ಬಂತು. ಆಗ ಯಾತ್ರಿಕರಲ್ಲಿ ಒಬ್ಬರು ಅದನ್ನು ಗಮನಿಸಿ ಅವನ ಬಳಿಗೆ ಬಂದರು. ಸಲಾಮ್ ಹೇಳಿದರು. ಊರೊಳಗೆ ಹೋಗುವ ತನಕ ಅವನೊಂದಿಗೆ ಮಾತಾಡುತ್ತಲೇ ಇದ್ದರು.

ಆ ಯುವಕನೇ ಮುಂದೆ ಲೋಕಪ್ರಸಿದ್ಧನಾದ ಪ್ರವಾಸಿ ಇಬ್ನ್ ಬತೂತಾ. ಸುಮಾರು ಮೂರು ದಶಕಗಳ ಕಾಲ ಜಗತ್ತು ಸುತ್ತಿ, ನಮ್ಮ ಹೊನ್ನಾವರಕ್ಕೂ ಮಂಗಳೂರಿಗೂ ಬಂದವರು. ಹೊನ್ನಾವರದಲ್ಲಿ ಹೆಣ್ಣು ಮಕ್ಕಳಿಗೆ 13 ಮತ್ತು ಗಂಡು ಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದು ಬರೆದಿಟ್ಟವರು. ಸುಲ್ತಾನರ ಅರಮನೆಗಳನ್ನೂ ದೊಡ್ಡ ದೊಡ್ಡ ಪಟ್ಟಣಗಳನ್ನೂ ಕಂಡ ಆ ಮನುಷ್ಯ, ಮುದಿವಯಸ್ಸು ಹತ್ತಿರವಾದಾಗ ತನ್ನ ಕಥೆ ಬರೆಸುತ್ತಾ, ಟ್ಯುನಿಸ್‌ನ ಹೊರಗೆ ತನಗೆ ಯಾರೂ ಸಲಾಮ್ ಹೇಳದಿದ್ದ ಆ ಗಳಿಗೆಯನ್ನು ಮರೆತಿರಲಿಲ್ಲ. ಸಲಾಮ್ ಹೇಳಿದ ಆ ಒಬ್ಬ ವ್ಯಕ್ತಿಯನ್ನೂ ಮರೆತಿರಲಿಲ್ಲ.

ಓದುಗರೇ, ಪರದೇಶಕ್ಕೆ ಹೋಗುವುದು ನಮ್ಮ ಮನೆಗಳಿಗೆ ಹೊಸತಲ್ಲ. ದುಬೈ, ದಮ್ಮಾಮ್, ಮಸ್ಕತ್‌ಗಳಿಗೆ ನಮ್ಮ ಹುಡುಗರು ಹೋಗುತ್ತಲೇ ಇದ್ದಾರೆ. ಅಲ್ಲಿ ವಿಮಾನ ನಿಲ್ದಾಣಕ್ಕೆ ಬರಲು ಒಬ್ಬ ಭಾವನೋ, ಚಿಕ್ಕಪ್ಪನ ಮಗನೋ ಇದ್ದೇ ಇರುತ್ತಾನೆ. ರೂಮಿನಲ್ಲಿ ಊರಿನ ಸಾರು ಕುದಿಯುತ್ತಿರುತ್ತದೆ. ಆದರೆ ಸಂಪಾದನೆಯ ಉದ್ದೇಶವಿಲ್ಲದೆ, ಕೇವಲ ಸೇವೆಗಾಗಿ, ಒಬ್ಬನೂ ಪರಿಚಯವಿಲ್ಲದ ನಾಡಿಗೆ ಹೋಗುವ ಯುವಕ ಯುವತಿಯರು ಈಚೆಗೆ ನಮ್ಮಲ್ಲಿಯೂ ಕಾಣಿಸಿಕೊಳ್ಳುತ್ತಿದ್ದಾರೆ. ನರ್ಸುಗಳು, ಶಿಕ್ಷಕರು, ಇಂಜಿನಿಯರುಗಳು. ಅಂಥ ಒಬ್ಬ ಯುವಕನ ಮೊದಲ ರಾತ್ರಿಯ ವಿಚಾರ ನಿಮ್ಮೊಡನೆ ಹೇಳಿಕೊಳ್ಳಬೇಕೆನಿಸಿದೆ. ಹೆಸರು ಹೇಳಬಾರದೆಂಬ ಶರತ್ತಿನ ಮೇಲೆಯೇ ಅವನು ನನಗೆ ಇದನ್ನು ಹೇಳಿದ್ದಾನೆ.

ಹಾಸನ ಕಡೆಯ ನನ್ನ ಹಳೆಯ ಸ್ನೇಹಿತರೊಬ್ಬರ ಮಗ ಅವನು. ಲ್ಯಾಬ್ ಟೆಕ್ನಿಷಿಯನ್. ಆಗ ಅವನಿಗೆ ಇಪ್ಪತ್ತಾರು ವರ್ಷ. ಆಫ್ರಿಕಾದ ಮಲಾವಿ ದೇಶದ ಒಂದು ಆಸ್ಪತ್ರೆಯಲ್ಲಿ ಒಂದು ವರ್ಷ ಸ್ವಯಂಸೇವಕನಾಗಿ ದುಡಿಯಲು ಒಂದು ಸಂಸ್ಥೆಯ ಮೂಲಕ ಅವಕಾಶ ಬಂದಿತ್ತು. ಸಂಬಳವಿಲ್ಲ. ಊಟ, ವಸತಿ ಮತ್ತು ಕೈಖರ್ಚಿಗೆ ಸ್ವಲ್ಪ ಹಣ ಮಾತ್ರ. ತಂದೆ ಹೂಂ ಎಂದರು. ತಾಯಿ ಒಪ್ಪಲಿಲ್ಲ. ನಾನು ಅವರ ಮನೆಗೆ ಹೋದಾಗ ಆಕೆ ಪರದೆಯ ಆ ಬದಿಯಿಂದಲೇ ಕೇಳಿದರು:

"ಭಾಯಿ, ಸೇವೆ ಮಾಡಬೇಕಾದರೆ ನಮ್ಮ ಜಿಲ್ಲೆಯಲ್ಲಿ ಕಾಯಿಲೆಯವರಿಲ್ಲವೇ? ಸಮುದ್ರ ದಾಟಿಯೇ ಮಾಡಬೇಕೇ?"

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಯಾವ ಹುಡುಗನೂ ಪಾಸ್‌ಪೋರ್ಟ್ ತೆಗೆಯಬಾರದು. ಜಿಹಾದ್‌ಗೆ ಅನುಮತಿ ಕೇಳಿ ಬಂದ ಒಬ್ಬರೊಡನೆ ಪ್ರವಾದಿವರ್ಯರು(ಸ), ತಂದೆತಾಯಿ ಬದುಕಿದ್ದಾರೆಯೇ ಎಂದು ವಿಚಾರಿಸಿದರು. ಹೌದೆಂದಾಗ, ಹಾಗಾದರೆ ಅವರ ಸೇವೆಯಲ್ಲಿಯೇ ನಿನ್ನ ಪರಿಶ್ರಮ ಇರಲಿ ಎಂದು ಹಿಂದಕ್ಕೆ ಕಳುಹಿಸಿದರು. ಮತ್ತೊಬ್ಬರು ತಂದೆತಾಯಿಯರನ್ನು ಅಳಿಸಿ ಬಂದಿದ್ದರು. ಮರಳಿ ಹೋಗಿ, ಅಳಿಸಿದಂತೆಯೇ ಅವರನ್ನು ನಗಿಸಬೇಕೆಂದು ಪ್ರವಾದಿವರ್ಯರು(ಸ) ಅವರಿಗೆ ಆಜ್ಞಾಪಿಸಿದರು. ಇಷ್ಟು ಸ್ಪಷ್ಟವಾಗಿರುವಾಗ ತಾಯಿಯ ಕಣ್ಣೀರನ್ನು ದಾಟಿ ಹೋಗಿ ಪರರ ಕಣ್ಣೀರು ಒರೆಸುತ್ತೇನೆನ್ನುವುದರಲ್ಲಿ ಅರ್ಥವಿಲ್ಲ. ಕಾಯಬೇಕೆಂದು ನಾನು ಹುಡುಗನಿಗೆ ಹೇಳಿದೆ. ಅವನು ಎಂಟು ತಿಂಗಳು ಕಾದ. ಅಣ್ಣ ಊರಿಗೇ ವರ್ಗವಾಗಿ ಬಂದು ಮನೆಯ ಹೊಣೆ ಹೊತ್ತ ಮೇಲೆ ತಾಯಿ ತಾವಾಗಿಯೇ ಒಪ್ಪಿದರು. ಪ್ರತಿ ಶುಕ್ರವಾರ ಜುಮಾ ಮುಗಿದ ಕೂಡಲೇ ಫೋನ್ ಮಾಡಬೇಕೆಂಬುದು ಅವರ ಒಂದೇ ಶರತ್ತು. ಸೂಟ್‌ಕೇಸನ್ನು ಆಕೆಯೇ ಕಟ್ಟಿದರು. ಮಲೇರಿಯಾದ ಸುದ್ದಿ ಕೇಳಿದ್ದರಿಂದ ಪೇಟೆಯಿಂದ ಹೊಸ ಸೊಳ್ಳೆ ಪರದೆಯೊಂದನ್ನು ತರಿಸಿ ಎಲ್ಲದರ ಅಡಿಯಲ್ಲಿಟ್ಟರು. ಈ ಪರದೆಯನ್ನು ನೆನಪಿಟ್ಟುಕೊಳ್ಳಿ.

ಹೊರಡುವ ಮುನ್ನ ಅವನು ನನ್ನ ಬಳಿ ಬಂದಾಗ ಅವನ ಉತ್ಸಾಹ ಕಂಡು ಸಂತೋಷವೂ ಆಯಿತು, ಸ್ವಲ್ಪ ಭಯವೂ ಆಯಿತು. ಮಾತಿನಲ್ಲಿ "ಆ ಪಾಪದ ಜನ" ಎಂಬ ಮಾತು ನಾಲ್ಕಾರು ಸಲ ಬಂತು. ಅಲ್ಲಿಯ ಮಕ್ಕಳ ಫೋಟೋ ತೆಗೆದು ಕಳುಹಿಸುತ್ತೇನೆ ಎಂದ. ಮಗು, ನಿನ್ನ ಅಮ್ಮಿ ಹರಿದ ಬಟ್ಟೆಯಲ್ಲಿ ಆಸ್ಪತ್ರೆಯ ಸಾಲಿನಲ್ಲಿ ಕುಳಿತಿರುವಾಗ ಯಾರೋ ಬಂದು ಫೋಟೋ ತೆಗೆದರೆ ನಿನಗೆ ಹೇಗಾಗುತ್ತದೆ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಿದವನಿಗೆ ಪರಲೋಕದಲ್ಲಿ ಅಲ್ಲಾಹನ ನೆರಳು ಸಿಗುವುದೆಂಬ ಹದೀಸನ್ನು ನಾವು ಕೇಳಿದ್ದೇವೆ. ಈಗ ಎಡಗೈಯಲ್ಲಿ ಮೊಬೈಲ್ ಇರುತ್ತದೆ. ಬಲಗೈ ಕೊಡುವುದಕ್ಕೆ ಮೊದಲೇ ಎಡಗೈ ಅದನ್ನು ಊರಿಗೆಲ್ಲ ತಿಳಿಸಿಯಾಗಿರುತ್ತದೆ.

ವಿಮಾನ ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಇಳಿಯಿತು. ಅಲ್ಲಿಂದ ಮಲಾವಿಗೆ ಬೇರೆ ವಿಮಾನ. ನಡುವೆ ಕೆಲವು ಗಂಟೆ ಕಾಯಬೇಕಿತ್ತು. ಗಾಜಿನಾಚೆ ಕಾಣುವ ಬೆಟ್ಟಗಳನ್ನು ನೋಡುತ್ತಾ ಕುಳಿತಾಗ ಇದು ಅಬಿಸೀನಿಯಾ, ನಜ್ಜಾಶಿ ದೊರೆಯ ನಾಡು ಎಂದು ಅವನಿಗೆ ಥಟ್ಟನೆ ಹೊಳೆಯಿತಂತೆ. ಅವನು ಅದನ್ನು ಹೇಳಿದಾಗ ನನಗೂ ಮೈ ನವಿರೆದ್ದಿತು. ಪ್ರವಾದಿತ್ವದ ಐದನೇ ವರ್ಷ, ಕ್ರಿ.ಶ. 615ರಲ್ಲಿ, ಮಕ್ಕಾದ ಕಿರುಕುಳ ತಾಳಲಾಗದೆ ಹನ್ನೆರಡರಷ್ಟು ಪುರುಷರೂ ನಾಲ್ವರು ಸ್ತ್ರೀಯರೂ ಮೊದಲ ಬಾರಿಗೆ ಸಮುದ್ರ ದಾಟಿ ಬಂದದ್ದು ಈ ನಾಡಿಗೆ. ಹಝ್ರತ್ ಉಸ್ಮಾನ್(ರ) ಮತ್ತು ಅವರ ಪತ್ನಿ, ಪ್ರವಾದಿ ಪುತ್ರಿ ರುಕಯ್ಯಾ(ರ) ಅವರಲ್ಲಿದ್ದರು. ಭಾಷೆ ತಿಳಿಯದು. ನೆಂಟರಿಲ್ಲ. ಧರ್ಮ ಬೇರೆ. ಅಲ್ಲಿಯ ದೊರೆಯ ಬಳಿ ಯಾರಿಗೂ ಅನ್ಯಾಯವಾಗುವುದಿಲ್ಲವೆಂದು ಪ್ರವಾದಿವರ್ಯರು(ಸ) ಹೇಳಿದ್ದ ಮಾತೊಂದೇ ಅವರ ಕೈಯಲ್ಲಿದ್ದ ಬುತ್ತಿ.

ಇಲ್ಲಿ ಒಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಸ್ಲಾಮಿನ ಚರಿತ್ರೆಯಲ್ಲಿ ಮುಸ್ಲಿಮರು ಮೊಟ್ಟಮೊದಲು ಪರದೇಶಕ್ಕೆ ಕಾಲಿಟ್ಟದ್ದು ಕೈ ಮೇಲಾಗಿ ಅಲ್ಲ, ಕೈ ಕೆಳಗಾಗಿ. ಕೊಡುವವರಾಗಿ ಅಲ್ಲ, ಆಶ್ರಯ ಬೇಡುವವರಾಗಿ. ಆಶ್ರಯ ನೀಡಿದ್ದು ಕ್ರೈಸ್ತ ದೊರೆಯಾಗಿದ್ದ ಒಬ್ಬ ಕಪ್ಪು ವರ್ಣದ ಆಫ್ರಿಕನ್. ಈ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನು ಎರಡನೇ ವಿಮಾನ ಹತ್ತಿದ್ದರೆ ಚೆನ್ನಾಗಿತ್ತು. ಆದರೆ ಹೊಳೆದದ್ದು ಹೊಳೆದಷ್ಟೇ ಬೇಗ ಮರೆತೂಹೋಯಿತೆಂದು ಅವನೇ ಒಪ್ಪಿಕೊಂಡ.

ಮಲಾವಿಯ ರಾಜಧಾನಿ ಲಿಲೊಂಗ್ವೆ. ಅಲ್ಲಿಂದ ಅವನು ಹೋಗಬೇಕಾದದ್ದು ದಕ್ಷಿಣದ ಸರೋವರ ಪ್ರದೇಶದ ಒಂದು ಸಣ್ಣ ಊರಿಗೆ. ಜನವರಿ ತಿಂಗಳು. ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ. ಮಳೆಯಿಂದ ಬಸ್ಸು ತಡವಾಗಿ ರಾತ್ರಿ ಒಂಬತ್ತರ ಹೊತ್ತಿಗೆ ಮುಟ್ಟಿತು. ಎದುರುಗೊಳ್ಳಬೇಕಾದವರು ಬಂದಿರಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಹೋಗಲಿಲ್ಲ. ಕೆಸರಿನಲ್ಲಿ ಸೂಟ್‌ಕೇಸ್ ಎಳೆಯುತ್ತಾ ಕೇಳಿ ಕೇಳಿ ಆಸ್ಪತ್ರೆ ತಲಪಿದ. ಅತಿಥಿಗೃಹಕ್ಕೆ ಬೀಗ. ಬೀಗದ ಕೈ ಇಟ್ಟುಕೊಂಡವರು ಬೇರೆ ಪಟ್ಟಣಕ್ಕೆ ಹೋಗಿದ್ದರು. ಗೇಟಿನ ಬಳಿ ಒಬ್ಬ ರಾತ್ರಿ ಕಾವಲುಗಾರ, ನಡುವಯಸ್ಸಿನವನು, ಟಾರ್ಚ್ ಹಿಡಿದು ಇವನ ಮುಖ ನೋಡಿದ. ಅಲ್ಲಿ ಭಾರತೀಯರೆಂದರೆ ತಲೆಮಾರುಗಳಿಂದ ಪಟ್ಟಣಗಳಲ್ಲಿ ಅಂಗಡಿ ನಡೆಸುವವರು, ಹೆಚ್ಚಾಗಿ ಗುಜರಾತಿ ಮೂಲದವರು. ಅಮ್ವೆನ್ಯೆ ಎಂದು ಕರೆಯುತ್ತಾರೆ. ಅಂಗಡಿಯೂ ಇಲ್ಲದ, ಕಾರೂ ಇಲ್ಲದ, ಬಸ್ಸಿನಿಂದಿಳಿದು ನೆನೆದುಕೊಂಡು ನಿಂತಿರುವ ಭಾರತೀಯನನ್ನು ಅವನು ಕಂಡದ್ದು ಅದೇ ಮೊದಲಿರಬೇಕು.

"ಚಾಚಾ, ಆಗ ನಾನು ಅತ್ತುಬಿಟ್ಟೆ" ಎಂದ ಹುಡುಗ. "ಇಪ್ಪತ್ತಾರು ವರ್ಷದವನು, ಗೇಟಿನ ಬಳಿ ನಿಂತು ಅತ್ತೆ. ಬೆಳಗಾದ ಕೂಡಲೇ ಹಿಂದಿರುಗಬೇಕೆಂದೇ ತೀರ್ಮಾನಿಸಿದ್ದೆ."

ಪ್ರಯಾಣವೆಂಬುದು ಯಾತನೆಯ ಒಂದು ತುಂಡು, ಅದು ಮನುಷ್ಯನ ಊಟ, ನೀರು, ನಿದ್ರೆಗಳನ್ನು ಕಸಿಯುತ್ತದೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಆದ್ದರಿಂದ ಅಳು ಬಂದವನನ್ನು ನಗಬೇಡಿ. ಅದು ಈಮಾನಿನ ದೌರ್ಬಲ್ಯವಲ್ಲ.

ಕಾವಲುಗಾರ ಮತ್ತೊಬ್ಬನನ್ನು ಕರೆದು ಗೇಟಿನ ಬಳಿ ನಿಲ್ಲಿಸಿ, ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತು ಇವನನ್ನು ತನ್ನ ಮನೆಗೆ ಕರೆದೊಯ್ದ. ತಗಡಿನ ಮಾಡು, ಎರಡು ಕೋಣೆ. ಹೆಂಡತಿ ಮತ್ತು ಮೂವರು ಮಕ್ಕಳು. ಅವರು ಕ್ರೈಸ್ತರು. ಆಕೆ ಬೋಗುಣಿಯಲ್ಲಿ ನೀರು ತಂದು ಇವನ ಕೈಗೆ ಎರೆದಳು. ನಂತರ ತಟ್ಟೆ ಇಟ್ಟಳು. ನ್ಸೀಮಾ ಎಂದು ಅದರ ಹೆಸರು. ಬಿಳಿ ಜೋಳದ, ನಾವು ಮುಸುಕಿನ ಜೋಳ ಎನ್ನುತ್ತೇವಲ್ಲ, ಅದರ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಮಾಡಿದ ಗಟ್ಟಿ ಮುದ್ದೆ. ಪಕ್ಕದಲ್ಲಿ ಸರೋವರದ ಪುಟ್ಟ ಒಣಮೀನು. ಬೆರಳಿನಿಂದ ಮುರಿದು, ಉಂಡೆ ಮಾಡಿ, ಅದ್ದಿ ತಿನ್ನುವುದು. ಹಾಸನದ ಹುಡುಗನಿಗೆ ಮುದ್ದೆ ಮುರಿಯಲು ಯಾರು ಕಲಿಸಬೇಕು? ಅವನ ಕೈ ನೋಡಿ ಆ ತಾಯಿ ಆಶ್ಚರ್ಯದಿಂದ ನಕ್ಕಳಂತೆ. ಆ ನಗುವಿನಲ್ಲಿ ಅರ್ಧ ಭಯ ಹೋಯಿತು.

ತಾನೊಬ್ಬನೇ ಉಣ್ಣುತ್ತಿರುವುದನ್ನು ಅವನು ಗಮನಿಸಿದ. ನಮ್ಮದೆಲ್ಲ ಆಯಿತು ಎಂದು ಕಾವಲುಗಾರ ಇಂಗ್ಲಿಷಿನಲ್ಲಿ ಹೇಳಿದ. ಅವನು ನಂಬಿದ. ಇಶಾ ನಮಾಝ್‌ಗೆ ದಿಕ್ಕು ತಿಳಿಯದೆ ನೋಡುತ್ತಿದ್ದಾಗ ಆ ಕ್ರೈಸ್ತ ಮನುಷ್ಯ ತಾನಾಗಿಯೇ ಉತ್ತರದ ಗೋಡೆಯತ್ತ ಕೈ ತೋರಿಸಿದ. ಆ ಪ್ರದೇಶದಲ್ಲಿ ಯಾವೋ ಬುಡಕಟ್ಟಿನ ಮುಸ್ಲಿಮರು ಬಹಳ ಮಂದಿ ಇದ್ದಾರೆ, ಪಕ್ಕದ ಮನೆಯವರು ಆ ಕಡೆಗೇ ತಿರುಗಿ ನಿಲ್ಲುವುದನ್ನು ಅವನು ಕಂಡಿದ್ದ. ಹೌದು, ನಾವು ಇಲ್ಲಿ ಪಶ್ಚಿಮಕ್ಕೆ ತಿರುಗುತ್ತೇವೆ. ಮಲಾವಿ ಮಕ್ಕಾದ ದಕ್ಷಿಣಕ್ಕಿರುವುದರಿಂದ ಅಲ್ಲಿ ಕಿಬ್ಲಾ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ. ಹುಟ್ಟಿದಂದಿನಿಂದ ಪಶ್ಚಿಮವೇ ಕಿಬ್ಲಾ ಎಂದು ದೇಹಕ್ಕೆ ಅಭ್ಯಾಸವಾದವನಿಗೆ ಉತ್ತರಕ್ಕೆ ನಿಂತಾಗ ಏನೋ ತಪ್ಪಿದಂತೆ ಆಗುತ್ತದೆ. ಪೂರ್ವವೂ ಪಶ್ಚಿಮವೂ ಅಲ್ಲಾಹನದೇ ಎಂಬ ಬಕರಃ ಅಧ್ಯಾಯದ ಮಾತು ಬಾಯಿಪಾಠವಿತ್ತು, ಅದರ ಅರ್ಥ ಆ ರಾತ್ರಿ ಮೊದಲ ಸಲ ಕಾಲಿಗೆ ತಿಳಿಯಿತು ಎಂದ ಹುಡುಗ. ಅಂದಹಾಗೆ, ದಾರಿಯಲ್ಲಿ ಅವನು ನಮಾಝನ್ನು ಕಸ್ರ್ ಮಾಡಿದ್ದ. ಒಂದು ವರ್ಷ ಉಳಿಯುವ ಸಂಕಲ್ಪದಿಂದ ಬಂದ ಊರಾದ್ದರಿಂದ ಇಲ್ಲಿ ಪೂರ್ತಿ ನಾಲ್ಕು ರಕಅತ್ ನಿರ್ವಹಿಸಿದ. ಅದು ಸರಿ. ಒಂದೇ ಊರಿನಲ್ಲಿ ಹದಿನೈದು ದಿನ ಅಥವಾ ಹೆಚ್ಚು ತಂಗುವ ನಿರ್ಧಾರವಿದ್ದರೆ ಹನಫಿಗಳಲ್ಲಿ ಪ್ರಯಾಣಿಕನ ರಿಯಾಯಿತಿ ಮುಗಿಯುತ್ತದೆ. ಶಾಫಿಈಗಳಲ್ಲಿ ಬರುವ, ಹೊರಡುವ ದಿನಗಳನ್ನು ಬಿಟ್ಟು ನಾಲ್ಕು ದಿನ.

ಒಳಕೋಣೆಯಲ್ಲಿ ಅವನಿಗೆ ಚಾಪೆ ಹಾಸಿ, ಮೇಲೆ ಸೊಳ್ಳೆ ಪರದೆ ಕಟ್ಟಿಕೊಟ್ಟರು. ಮಕ್ಕಳು ಹೊರಕೋಣೆಯಲ್ಲಿ ತಾಯಿಯ ಪಕ್ಕ ಮಲಗಿದರು. ಅವನು ಮಲಗಿದ್ದೇ ತಡ, ನಿದ್ರೆ ಹತ್ತಿತು.

ಮರುದಿನ ಬೀಗ ತೆರೆಯಿತು. ಕೆಲಸ ಆರಂಭವಾಯಿತು. ಹಿಂದಿರುಗುವ ಯೋಚನೆ ಮರೆತುಹೋಯಿತು. ಹನ್ನೆರಡು ದಿನ ಕಳೆದ ಮೇಲೆ, ಬೆಳಗ್ಗೆ ಲ್ಯಾಬಿಗೆ ಬಂದ ಸ್ಲೈಡುಗಳಲ್ಲಿ ಒಂದು ಹೆಸರು ಪರಿಚಿತವಾಗಿ ಕಂಡಿತು. ಕಾವಲುಗಾರನ ನಡುವಿನ ಮಗಳು, ಐದು ವರ್ಷ. ಜೋರು ಜ್ವರ, ಫಿಟ್ಸ್. ಅವನೇ ಸ್ಲೈಡಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿಯಲ್ಲಿಟ್ಟು ನೋಡಿದ. ರಕ್ತಕಣಗಳೊಳಗೆ ಮಲೇರಿಯಾ ಪರಾವಲಂಬಿಯ ಸಣ್ಣ ಸಣ್ಣ ಉಂಗುರಗಳು, ಎಣಿಸಲಾರದಷ್ಟು. ಸೊಳ್ಳೆ ಕಚ್ಚಿ ಒಂದರಿಂದ ಎರಡು ವಾರದೊಳಗೆ ಈ ಜ್ವರ ಬರುವುದೆಂದು ಅವನಿಗೆ ಗೊತ್ತು. ದಿನ ಎಣಿಸಿದ. ವಾರ್ಡಿಗೆ ಓಡಿದ. ಅಲ್ಲಿ ದಾದಿಯೊಬ್ಬಳಿಂದ ತಿಳಿಯಿತು, ಆ ಮನೆಯಲ್ಲಿ ಇದ್ದದ್ದು ಒಂದೇ ಪರದೆ. ಮೂರೂ ಮಕ್ಕಳು ಅದರಡಿಯಲ್ಲಿ ಮಲಗುತ್ತಿದ್ದರು. ಅತಿಥಿ ಬಂದ ರಾತ್ರಿ ಅದನ್ನು ಬಿಚ್ಚಿ ಅತಿಥಿಗೆ ಕಟ್ಟಿದ್ದರು. ಇನ್ನೊಂದೂ ತಿಳಿಯಿತು. ಜನವರಿ, ಫೆಬ್ರವರಿ ಎಂದರೆ ಅಲ್ಲಿ ಹಿಂದಿನ ಬೆಳೆ ಮುಗಿದು ಹೊಸ ಬೆಳೆ ಕೈಗೆ ಬಾರದ ಹಸಿವಿನ ತಿಂಗಳು. ಆ ರಾತ್ರಿ ಯಾರದೂ ಊಟ ಆಗಿರಲಿಲ್ಲ.

ಮತ್ತು ಅವನ ಸೂಟ್‌ಕೇಸಿನ ಅಡಿಯಲ್ಲಿ ಅಮ್ಮಿ ಇಟ್ಟ ಹೊಸ ಪರದೆ ಇತ್ತು.

ಓದುಗರೇ, ಸೂರಃ ಹಶ್ರ್‌ನ ಒಂಬತ್ತನೇ ಸೂಕ್ತವನ್ನು ನಾವು ಎಷ್ಟು ಸಲ ಕೇಳಿಲ್ಲ! ತಮಗೇ ಕೊರತೆಯಿದ್ದರೂ ಇತರರನ್ನು ತಮಗಿಂತ ಮುಂದಿಡುವವರನ್ನು ಅದು ಹೊಗಳುತ್ತದೆ. ಅದರ ಹಿನ್ನೆಲೆಯ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಹಸಿದ ಅತಿಥಿಯೊಬ್ಬರು ಪ್ರವಾದಿ ಸನ್ನಿಧಿಗೆ ಬಂದರು. ಪ್ರವಾದಿ ಪತ್ನಿಯರ ಮನೆಗಳಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ. ಒಬ್ಬ ಅನ್ಸಾರಿ ಅವರನ್ನು ಮನೆಗೆ ಕರೆದೊಯ್ದರು. ಅಲ್ಲಿದ್ದದ್ದು ಮಕ್ಕಳ ಪಾಲಿನ ಆಹಾರ ಮಾತ್ರ. ಮಕ್ಕಳನ್ನು ಹಾಗೆಯೇ ಮಲಗಿಸಿದರು. ದೀಪ ಸರಿಮಾಡುವ ನೆಪದಲ್ಲಿ ಅದನ್ನು ಆರಿಸಿ, ಕತ್ತಲಲ್ಲಿ ತಾವೂ ಉಣ್ಣುವಂತೆ ನಟಿಸಿ, ಅತಿಥಿಗೆ ಹೊಟ್ಟೆ ತುಂಬಿಸಿದರು. ಈ ಘಟನೆಯನ್ನು ಹೇಳುವಾಗಲೆಲ್ಲ ನಮ್ಮ ಕಣ್ಣು ಅನ್ಸಾರಿ ದಂಪತಿಯ ಮೇಲಿರುತ್ತದೆ, ಇರಬೇಕಾದದ್ದೇ. ನಾವೂ ಹಾಗೆ ಕೊಡುವವರಾಗಬೇಕೆಂದು ಉಪದೇಶಿಸುತ್ತೇವೆ. ಆದರೆ ಕತ್ತಲಲ್ಲಿ ಕುಳಿತು ಉಂಡ ಅತಿಥಿಯ ಜಾಗದಲ್ಲಿ ನಾವು ನಮ್ಮನ್ನು ಎಂದಾದರೂ ಇಟ್ಟು ನೋಡಿದ್ದೇವೆಯೇ? ಸಹಾಯ ಮಾಡಲು ಬಂದೆನೆಂದು ಹೆಮ್ಮೆಪಟ್ಟುಕೊಂಡಿದ್ದ ಈ ಹುಡುಗನನ್ನು ಅಲ್ಲಾಹನು ಮೊದಲ ರಾತ್ರಿಯೇ ಆ ಜಾಗದಲ್ಲಿ ಕೂರಿಸಿದ. ಅದೂ ಕುರ್‌ಆನ್ ಓದದ ಒಂದು ಮನೆಯಲ್ಲಿ.

ಮಗು ಗುಣವಾಯಿತು, ಅಲ್‌ಹಮ್ದುಲಿಲ್ಲಾಹ್. ಮೂರು ದಿನ ಅವನು ಅದರ ಹಾಸಿಗೆಯ ಬಳಿ ಬಿಡುವಿದ್ದಾಗಲೆಲ್ಲ ಕುಳಿತಿದ್ದ. ಕೊನೆಗೆ ಧೈರ್ಯ ಮಾಡಿ ಕಾವಲುಗಾರನ ಬಳಿ ಪರದೆಯ ವಿಷಯ ತೆಗೆದ. ಆ ಮನುಷ್ಯ ಅವನನ್ನು ಮಧ್ಯದಲ್ಲೇ ತಡೆದ. ಸೊಳ್ಳೆ ನಮಗೆ ಪ್ರತಿ ವರ್ಷದ ನೆಂಟ, ನೀನು ಒಂದು ರಾತ್ರಿಯವನು ಎಂದ. ಹಣ ಕೊಡಹೋದಾಗ ಅವನ ಮುಖ ಕಪ್ಪಿಟ್ಟಿತು. ಹುಡುಗ ಅಮ್ಮಿಯ ಪರದೆಯನ್ನೇ ತೆಗೆದುಕೊಂಡು ಹೋಗಿ ಆ ತಾಯಿಯ ಕೈಗಿತ್ತ. ಆಕೆ ಮಂಡಿ ಬಾಗಿಸಿ ಎರಡೂ ಕೈಗಳಲ್ಲಿ ಅದನ್ನು ಪಡೆದು "ಝಿಕೋಮೋ" ಎಂದಳು. ಧನ್ಯವಾದ ಎಂದು ಅರ್ಥ.

"ನನ್ನಿಂದಲೇ ಆಯಿತೇ ಚಾಚಾ?" ಎಂದು ಅವನು ನನ್ನನ್ನು ಕೇಳಿದ. ಊರಿಗೆ ಮರಳಿ ಬಂದು ತಿಂಗಳಾಗಿದ್ದರೂ ಆ ಪ್ರಶ್ನೆ ಅವನನ್ನು ಬಿಟ್ಟಿರಲಿಲ್ಲ.

ಆ ಸೊಳ್ಳೆ ಯಾವ ರಾತ್ರಿ ಕಚ್ಚಿತೆಂಬುದು ಅಲ್ಲಾಹನಿಗೇ ಗೊತ್ತು. ತಿಳಿಯದೆ ಆದದ್ದಕ್ಕೆ ಅವನು ಹಿಡಿಯುವುದಿಲ್ಲ. ಇಷ್ಟು ಹೇಳಿ ನಾನು ಅವನನ್ನು ಸಮಾಧಾನಪಡಿಸಬಹುದಿತ್ತು. ಆದರೆ ಪೂರ್ತಿ ಸಮಾಧಾನಪಡಿಸಲು ನನಗೆ ಮನಸ್ಸಾಗಲಿಲ್ಲ. ಅತಿಥ್ಯ ಮೂರು ದಿನ, ಅದರ ನಂತರದ್ದು ದಾನ, ಮನೆಯವರನ್ನು ಕಷ್ಟಕ್ಕೆ ಸಿಲುಕಿಸುವಷ್ಟು ಅತಿಥಿ ತಂಗಬಾರದು ಎಂದು ಪ್ರವಾದಿವರ್ಯರು(ಸ) ಅತಿಥಿಗೂ ಒಂದು ಮೇರೆ ಹಾಕಿದ್ದಾರೆ. ಕೊಡುವವನ ಮರ್ಯಾದೆ ಕೊಡುವುದರಲ್ಲಿದ್ದರೆ, ಪಡೆಯುವವನ ಮರ್ಯಾದೆ ಕಣ್ಣು ತೆರೆದು ನೋಡುವುದರಲ್ಲಿದೆ. ಈ ತಟ್ಟೆ ಯಾರ ಪಾಲಿನದು? ಈ ಹಾಸಿಗೆ ಯಾರದು? ಆ ಪ್ರಶ್ನೆ ಇವನನ್ನು ಬಿಡದಿರುವುದೇ ಒಳ್ಳೆಯದು ಎನಿಸಿತು. ತಪ್ಪಾಗಿದ್ದರೆ ಅಲ್ಲಾಹನು ನನ್ನನ್ನು ಕ್ಷಮಿಸಲಿ.

ಆ ಘಟನೆಯ ನಂತರ ಅವನು ಅಲ್ಲಿ ಬದುಕಿದ ರೀತಿಯೇ ಬೇರೆಯಾಯಿತು. ಚಿಚೇವಾ ಭಾಷೆ ಕಲಿಯಲು ಕುಳಿತ. ಆ ನಾಡಿನಲ್ಲಿ ಯಾರ ಮನೆಗೆ ಹೋದರೂ ಬಾಗಿಲು ಬಡಿಯುವುದಿಲ್ಲ, ಹೊರಗೆ ನಿಂತು "ಓಡಿ" ಎಂದು ಕೂಗಿ ಒಳಗಿನ ಉತ್ತರಕ್ಕೆ ಕಾಯುತ್ತಾರೆ. ಅನುಮತಿ ಕೇಳಿ, ಸಲಾಮ್ ಹೇಳಿಯೇ ಪರರ ಮನೆ ಪ್ರವೇಶಿಸಬೇಕೆಂಬ ಸೂರಃ ನೂರ್‌ನ ಆದೇಶವನ್ನು ನಮ್ಮಲ್ಲಿ ಎಷ್ಟು ಮಂದಿ ಪಾಲಿಸುತ್ತಾರೆ? ಚಿಲಕ ತೆಗೆದು ನೇರ ಅಡಿಗೆ ಕೋಣೆಗೇ ನುಗ್ಗುತ್ತೇವೆ. ಕಲಿಸಲು ಹೋದವನು ಕಲಿತು ಬಂದದ್ದರಲ್ಲಿ ಇದೂ ಒಂದು.

ಭಾಷೆಯ ವಿಷಯ ಬಂದಾಗ ನನಗೆ ಉಮ್ಮು ಖಾಲಿದ್(ರ) ನೆನಪಾಗುತ್ತಾರೆ. ಅಬಿಸೀನಿಯಾದಲ್ಲಿ ಹುಟ್ಟಿದ ಮುಹಾಜಿರ್ ದಂಪತಿಯ ಮಗಳು ಅವರು. ಮದೀನಾಕ್ಕೆ ಬಂದಾಗ ಪುಟ್ಟ ಹುಡುಗಿ. ಪ್ರವಾದಿವರ್ಯರು(ಸ) ಒಂದು ಕಸೂತಿಯ ಬಟ್ಟೆಯನ್ನು ಆ ಮಗುವಿಗೆ ತಾವೇ ತೊಡಿಸಿ, ಅದರ ಅಂಚನ್ನು ತೋರಿಸುತ್ತಾ, ಚೆನ್ನಾಗಿದೆ ಎಂಬುದಕ್ಕೆ ಅರಬಿ ಪದವನ್ನಲ್ಲ, ಅಬಿಸೀನಿಯಾದ "ಸನಾ" ಎಂಬ ಪದವನ್ನು ಬಳಸಿದರು. ಬುಖಾರಿಯಲ್ಲಿ ಈ ವರದಿಯಿದೆ. ಪರನಾಡಿನಿಂದ ಬಂದ ಮಗುವಿನ ಕಿವಿಗೆ ಅದರ ಹುಟ್ಟಿದ ಊರಿನ ಒಂದು ಪದ!

ಉಮ್ಮು ಸಲಮಾ(ರ) ಹೇಳಿದ ಇನ್ನೊಂದು ಘಟನೆಯೂ ಇದೆ. ಮುಹಾಜಿರರು ಅಬಿಸೀನಿಯಾದಲ್ಲಿದ್ದಾಗ ನಜ್ಜಾಶಿಯ ವಿರುದ್ಧ ಒಬ್ಬ ಬಂಡೆದ್ದ. ನೈಲ್ ನದಿಯ ಆಚೆ ದಡದಲ್ಲಿ ಯುದ್ಧ. ಇದು ನಮ್ಮ ಜಗಳವಲ್ಲ ಎಂದು ಮುಹಾಜಿರರು ಕೈಕಟ್ಟಿ ಕೂರಲಿಲ್ಲ. ಎಲ್ಲರಿಗಿಂತ ಕಿರಿಯರಾಗಿದ್ದ ಝುಬೈರ್(ರ) ಗಾಳಿ ತುಂಬಿದ ಚರ್ಮದ ಚೀಲವನ್ನು ಎದೆಗೆ ಕಟ್ಟಿಕೊಂಡು ನದಿ ಈಜಿ ಸುದ್ದಿ ತರಲು ಹೋದರು. ಉಳಿದವರು ಈ ದಡದಲ್ಲಿ ಆ ದೊರೆಯ ಗೆಲುವಿಗಾಗಿ ದುಆ ಮಾಡುತ್ತಿದ್ದರು. ಅವನು ಗೆದ್ದ ಸುದ್ದಿ ಬಂದಾಗ ಆದಷ್ಟು ಸಂತೋಷ ತಮಗೆ ಎಂದೂ ಆಗಿರಲಿಲ್ಲ ಎನ್ನುತ್ತಾರೆ ಉಮ್ಮು ಸಲಮಾ(ರ). ಉಂಡ ನಾಡಿನ ಸುಖದುಃಖ ಉಂಡವನದೂ ಆಗುವುದೆಂದರೆ ಹೀಗೆ.

ಈ ಕಾಲದಲ್ಲಿಯೂ ಅಂಥವರಿದ್ದರು. ಕುವೈತಿನ ವೈದ್ಯ ಡಾ. ಅಬ್ದುರ್ರಹ್ಮಾನ್ ಅಸ್ಸುಮೈತ್ ತಮ್ಮ ಸೇವೆಯನ್ನು 1980ರ ದಶಕದ ಆರಂಭದಲ್ಲಿ ಇದೇ ಮಲಾವಿಯಿಂದ ಮೊದಲುಮಾಡಿದರು. ಕುವೈತಿನ ಆರಾಮದ ಜೀವನ ಬಿಟ್ಟು ಸುಮಾರು ಮೂರು ದಶಕ ಆಫ್ರಿಕಾದ ಹಳ್ಳಿಗಳಲ್ಲಿ ಬಾವಿ, ಶಾಲೆ, ಆಸ್ಪತ್ರೆ, ಅನಾಥಾಲಯಗಳಿಗಾಗಿ ಅಲೆದರು. 1996ರಲ್ಲಿ ಅವರಿಗೆ ಕಿಂಗ್ ಫೈಸಲ್ ಪ್ರಶಸ್ತಿ ಬಂತು. 2013ರಲ್ಲಿ ನಿಧನರಾದರು. ಒಂದು ವರ್ಷ ಹೋಗಿ ಬಂದು ಜೀವಮಾನವಿಡೀ ಹೇಳಿಕೊಳ್ಳುವವರ ನಡುವೆ ಇಂಥವರ ಹೆಸರು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಹೋದ ಮಕ್ಕಳು ಅಲ್ಲಿ ಅನುಭವಿಸುವ ಒಂಟಿತನವನ್ನು ಮನೆಯವರು ಹಗುರವಾಗಿ ಕಾಣಬಾರದೆಂದೂ ಹೇಳಬೇಕು. ಅಸ್ಮಾ ಬಿಂತ್ ಉಮೈಸ್(ರ) ಅಬಿಸೀನಿಯಾದಿಂದ ಹಿಂದಿರುಗಿ, ಖೈಬರ್ ವಿಜಯದ ವೇಳೆಗೆ ಮದೀನಾ ಸೇರಿದಾಗ, ಹಿಜ್‌ರತ್‌ನಲ್ಲಿ ನಾವು ನಿಮಗಿಂತ ಮುಂದು ಎಂದುಬಿಟ್ಟರು ಹಝ್ರತ್ ಉಮರ್(ರ). ಆಕೆಗೆ ಸಿಟ್ಟು ಬಂತು. ನೀವು ಪ್ರವಾದಿಯವರ ಜೊತೆಗಿದ್ದಿರಿ, ಅವರು ನಿಮ್ಮಲ್ಲಿ ಹಸಿದವರಿಗೆ ಉಣಿಸುತ್ತಿದ್ದರು, ತಿಳಿಯದವರಿಗೆ ತಿಳಿಸುತ್ತಿದ್ದರು, ನಾವಾದರೋ ದೂರದ, ನಮ್ಮವರಲ್ಲದವರ ನಾಡಿನಲ್ಲಿ ಭಯಪಡುತ್ತಾ ಇದ್ದೆವು ಎಂದು ಉತ್ತರಿಸಿದರು. ಈ ಮಾತನ್ನು ಪ್ರವಾದಿವರ್ಯರಿಗೆ(ಸ) ಹೇಳದೆ ಊಟ ನೀರು ಮುಟ್ಟುವುದಿಲ್ಲವೆಂದು ಹೋಗಿ ಹೇಳಿಯೂ ಬಿಟ್ಟರು. ಉಮರ್‌ಗೆ ಒಂದು ಹಿಜ್‌ರತ್, ಹಡಗಿನಲ್ಲಿ ಬಂದ ನಿಮಗೆ ಎರಡು ಎಂಬ ತೀರ್ಪು ಬಂತು. ಆ ಹಡಗಿನವರು ಗುಂಪುಗುಂಪಾಗಿ ಅಸ್ಮಾರ(ರ) ಬಳಿ ಬಂದು ಆ ಮಾತನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದರಂತೆ. ವರ್ಷಗಟ್ಟಲೆ ಯಾರೂ ಕೇಳದ ನೋವನ್ನು ಒಬ್ಬರು ಲೆಕ್ಕಕ್ಕೆ ತೆಗೆದುಕೊಂಡರೆಂಬ ಸಂತೋಷ ಅದು.

ಇಷ್ಟು ಬರೆದ ಮೇಲೆ ನನ್ನದೇ ಒಂದು ಮಾತು ಉಳಿದಿದೆ. ಹೇಳದೆ ಬಿಡುವುದು ಸುಲಭ.

ನಮ್ಮ ಮಕ್ಕಳು ಆಫ್ರಿಕಾಕ್ಕೆ ಹೋಗುವಂತೆ ಆಫ್ರಿಕಾದ ಮಕ್ಕಳು ನಮ್ಮಲ್ಲಿಗೂ ಓದಲು ಬರುತ್ತಾರೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಕೈ ಮಾಡಿತು. ಅವಳು ಮಾಡಿದ ತಪ್ಪೇನೂ ಇರಲಿಲ್ಲ. ಯಾರೋ ಬೇರೊಬ್ಬ ಆಫ್ರಿಕನ್‌ನ ಕಾರು ಅಪಘಾತ ಮಾಡಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳಲ್ಲಿ ತಲೆಮಾರುಗಳಿಂದ ನಮ್ಮ ನಡುವೆಯೇ ಬದುಕಿರುವ ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆ. ಅವರೊಡನೆ ನಮ್ಮ ಎಷ್ಟು ಮನೆಗಳಿಗೆ ಹೋಗಿಬರುವ ಬಳಕೆಯಿದೆ? ಹೆಣ್ಣು ನೋಡುವಾಗ ಬಣ್ಣದ ಮಾತು ಎತ್ತದ ಮನೆ ಎಷ್ಟಿದೆ? ಬಿಲಾಲರ(ರ) ಹೆಸರನ್ನು ಮಕ್ಕಳಿಗಿಡುತ್ತೇವೆ, ಅಷ್ಟೇ.

ಮೈಸೂರಿನ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಕಳೆದ ವರ್ಷ ಒಂದು ಶುಕ್ರವಾರ ಎತ್ತರದ ಕಪ್ಪು ಹುಡುಗನೊಬ್ಬ ಕೊನೆಯ ಸಫ್‌ನಲ್ಲಿ ನಿಂತಿದ್ದ. ಸುಡಾನಿನವನೋ ಸೊಮಾಲಿಯಾದವನೋ, ಇಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದವನಿರಬೇಕು. ಜುಮಾ ಮುಗಿದ ಮೇಲೆ ಬಾಗಿಲ ಬಳಿ ಗೋಡೆಗೊರಗಿ ಸ್ವಲ್ಪ ಹೊತ್ತು ನಿಂತ. ಜನರೆಲ್ಲ ತಂತಮ್ಮವರ ಕೈ ಹಿಡಿದು ಮಾತಾಡುತ್ತಾ ಅವನ ಮುಂದಿನಿಂದಲೇ ದಾಟಿದರು. ನಾನೂ ಅವನನ್ನು ಕಂಡೆ. ಅವನು ನನ್ನ ಕಡೆಗೊಮ್ಮೆ ನೋಡಿದ. ಮನೆಗೆ ಅಳಿಯ ಊಟಕ್ಕೆ ಬರುವವನಿದ್ದ, ಹೊತ್ತಾಗಿತ್ತು. ನಾನು ಚಪ್ಪಲಿ ಹುಡುಕಿಕೊಂಡು ಹೊರಟುಬಿಟ್ಟೆ.

ಹಾಸನದ ಹುಡುಗ ಮಲಾವಿಯಿಂದ ಬಂದು ತನ್ನ ಕಥೆ ಹೇಳಿದ್ದು ಅದಾಗಿ ನಾಲ್ಕು ದಿನಕ್ಕೆ. ಮುಂದಿನ ಶುಕ್ರವಾರ ನಾನು ಬೇಗನೆ ಹೋಗಿ ಕೊನೆಯ ಸಫ್‌ನಲ್ಲೇ ಕುಳಿತೆ. ಜುಮಾ ಮುಗಿದ ಮೇಲೂ ಎಲ್ಲರೂ ಹೋಗುವ ತನಕ ಬಾಗಿಲ ಬಳಿ ನಿಂತಿದ್ದೆ. ಅವನು ಬಂದಿರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ಈಗಲೂ ನಾನು ಅಲ್ಲೇ ನಿಲ್ಲುತ್ತೇನೆ.